ಮಾನಿಟರ್ ಮೇಲಿನ ಕುಂಕುಮ

ಕೋಪದಲ್ಲೇ ಟೈಪ್ ಮಾಡುತ್ತಿದ್ದೇನೆ... ಅಕ್ಷರ ತಪ್ಪಿದ್ದರೆ ಸುಧಾರಿಸಿಕೊಳ್ಳಿ. ಆದರೆ ಪೂರ್ತಿ ಓದಿ.

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಕ್ಕದಲ್ಲೇ ಜೈಬುನಕ್ಕನ ಡಿಟಿಪಿ ಸೆಂಟರ್. ನಮ್ಮ ಬೀದಿಯಲ್ಲಿ ಲಗ್ನಪತ್ರಿಕೆ ಅಂದರೆ ಜೈಬುನಕ್ಕನೇ.

ಮೇಲಿನ "ಶ್ರೀ ಗಣೇಶಾಯ ನಮಃ"ದಿಂದ ಕೆಳಗಿನ "ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ" ತನಕ... ಒಂದು ಒತ್ತಕ್ಷರವೂ ತಪ್ಪುತ್ತಿರಲಿಲ್ಲ.

ಆದರೆ ಕಣ್ಣಿನ ಆಪರೇಷನ್ ಆದಮೇಲೆ ಅವರಿಗೆ ಸಣ್ಣ ಅಕ್ಷರ ಕಾಣದಾಯಿತು. ಹಳೆಯ ಪುಟ್ಟ ಮಾನಿಟರ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಅರ್ಧ ಪತ್ರಿಕೆ ಪರದೆಯಿಂದ ಆಚೆ... ವರನ ಕಡೆಯವರು ಕಂಡರೆ ವಧುವಿನ ಕಡೆಯವರು ಮಾಯ!

"ಅಗಲದ್ದೊಂದು ಮಾನಿಟರ್ ತಗೊಳ್ದಿದ್ರೆ ಅಂಗಡಿ ಬಾಗಿಲು ಹಾಕೋದೇ ಕಣಪ್ಪ" ಅಂದರು. ನಾನೇ ಅವರನ್ನು ಓಂಕಾರಪ್ಪನ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದೆ.

ಅಲ್ಲಿ ಎರಡು ವೈಡ್‌ಸ್ಕ್ರೀನ್ ಇದ್ದವು. ಒಂದು ಅಗ್ಗ, ಒಂದೇ ವರ್ಷ ವಾರಂಟಿ. ಇನ್ನೊಂದು ದುಬಾರಿ, ಮೂರು ವರ್ಷ ವಾರಂಟಿ. ಅಳತೆ ಮಾತ್ರ ಎರಡರದ್ದೂ ಒಂದೇ.

ಅಕ್ಕ ಅಗ್ಗದ್ದರ ಮುಂದೆಯೇ ನಿಂತಿದ್ದರು...

"ಅಯ್ಯೋ ಜೈಬುನಕ್ಕ, ಅಗ್ಗ ಅಂತ ಅದನ್ನ ತಗೊಂಡು ನಾಳೆ ಕೆಟ್ರೆ ಯಾರನ್ನ ಕೇಳ್ತೀರಾ? ಇದನ್ನ ಕಣ್ಣು ಮುಚ್ಕೊಂಡು ತಗೊಳ್ಳಿ. ಮೂರು ವರ್ಷ ಏನೇ ಆದ್ರೂ ನಾನಿದ್ದೀನಿ!" ಅಂದ ಓಂಕಾರಪ್ಪ.

ಕಣ್ಣಿಗೋಸ್ಕರ ಮಾನಿಟರ್ ತಗೊಳ್ಳೋಕೆ ಬಂದವರಿಗೆ ಕಣ್ಣು ಮುಚ್ಚಿಕೊಳ್ಳಿ ಅಂತಾನೆ, ಪುಣ್ಯಾತ್ಮ!

ಅಕ್ಕ ನಂಬಿದರು. ಆ ವರ್ಷ ರಂಜಾನ್‌ಗೆ ಹೊಸ ಬಟ್ಟೆ ಬೇಡವೆಂದು ದುಬಾರಿಯದನ್ನೇ ತಗೊಂಡರು.

ಓಂಕಾರಪ್ಪನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಯಾವ ಮಾಲೂ ಪೂಜೆ ಆಗದೆ ಹೊಸ್ತಿಲು ದಾಟುವಂತಿಲ್ಲ.

ಅಂದೂ ಅಷ್ಟೇ. ಮಾನಿಟರ್ ಆನ್ ಮಾಡಿ ತೋರಿಸಿದ. ಕುಂಕುಮವನ್ನು ನೀರಿನಲ್ಲಿ ಕಲಸಿ ಅದರ ನೆತ್ತಿಯ ಮೇಲೆ ಧಾರಾಳವಾಗಿ ಬಳಿದ. ಹೂವಿಟ್ಟು ಊದುಬತ್ತಿ ಬೆಳಗಿದ. ಕೆಂಪು ನೀರು ಪರದೆಯ ಅಂಚಿಗೆ ಇಳಿಯಿತು.

ಅಕ್ಕ ಸೆರಗನ್ನು ತಲೆಯ ಮೇಲೆಳೆದುಕೊಂಡು ನಗುತ್ತಾ ನಿಂತಿದ್ದರು.

ಎರಡನೇ ವರ್ಷ... ಮದುವೆ ಸೀಸನ್ ಶುರುವಾಗುತ್ತಿದ್ದ ಹಾಗೇ ಪರದೆಯ ಮೇಲ್ಭಾಗ ಕಪ್ಪಾಯಿತು. ಒಪ್ಪಿಕೊಂಡ ಪತ್ರಿಕೆಗಳೆಲ್ಲ ಅರ್ಧಕ್ಕೆ ನಿಂತವು.

"ವಾರಂಟಿ ಇದೆಯಲ್ಲ" ಅಂತ ಅಕ್ಕ ಧೈರ್ಯವಾಗಿಯೇ ಇದ್ದರು. ಮಾನಿಟರ್ ಹೊತ್ತುಕೊಂಡು ಓಂಕಾರಪ್ಪನ ಅಂಗಡಿಗೆ ನಾನೂ ಜೊತೆಗೆ ಹೋದೆ.

ಕಂಪನಿಯಿಂದ ಬಂದಿದ್ದ ಟೆಕ್ನೀಷಿಯನ್ ಅಂಚಿನ ಕೆಂಪು ಕಲೆಯ ಫೋಟೊ ಹೊಡೆದುಕೊಂಡ. "ಕುಂಕುಮದ ನೀರು ಒಳಗೆ ಹೋಗಿದೆ ಮೇಡಂ. ನೀರು ಬಿದ್ರೆ ವಾರಂಟಿ ಸಿಗಲ್ಲ."

ಅದರಿಂದಲೇ ಕೆಟ್ಟಿತೋ ಇಲ್ಲವೋ ದೇವರಿಗೇ ಗೊತ್ತು! ನಾನು ಓಂಕಾರಪ್ಪನ ಮುಖ ನೋಡಿದೆ. ಈಗ ಹೇಳ್ತಾನೆ... ಈಗ ಹೇಳ್ತಾನೆ... ಅಂತ ಕಾದೆ.

ಹೇಳಿದ, ಮಹಾನುಭಾವ.

"ಆಯುಧ ಪೂಜೇಲಿ ಬಳ್ದಿರ್ತಾರೆ ಬಿಡಿ ಸಾರ್. ಎಷ್ಟು ಹೇಳಿದ್ರೂ ನಮ್ಮ ಜನಕ್ಕೆ ಬುದ್ಧಿ ಬರಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ರೀ ಓಂಕಾರಪ್ಪ, ಹೊಟ್ಟೆಗೆ ಏನ್ ತಿಂತೀರಾ? ಯಾರ ಮನೆ ಆಯುಧ ಪೂಜೆ ಅಂತ ಒಂದ್ಸಲ ಮುಖ ನೋಡಿ ಮಾತಾಡಿ!"

ಅಕ್ಕ ಕೈಸನ್ನೆ ಮಾಡಿ ನನ್ನನ್ನು ತಡೆದರು. ದನಿ ಏರಿಸಲೇ ಇಲ್ಲ.

"ಓಂಕಾರಣ್ಣ... ನಮ್ಮನೇಲಿ ಕುಂಕುಮ ಎಲ್ಲಿಂದ ಬರ್ಬೇಕು?"

ಅಕ್ಕ ಆ ಕೆಂಪು ಕಲೆಯ ಮೇಲೆ ಬೆರಳಿಟ್ಟರು.

"ನೀವೇ ಇಟ್ಟಿದ್ದು ಇದು. ನಮ್ಮ ನೆಂಟರು ನೋಡಿ ಒರೆಸಾಕು ಅಂದ್ರು. ನನ್ನ ಕಣ್ಣಿಗೆ ಒಳ್ಳೇದಾಗ್ಲಿ ಅಂತ ಅಣ್ಣ ಇಟ್ಟಿರೋದು, ಇರ್ಲಿ ಬಿಡಿ ಅಂದೆ. ದಿನಾ ಧೂಳು ಒರೆಸೋವಾಗ್ಲೂ ಅದೊಂದು ಜಾಗ ಬಿಟ್ಟು ಒರೆಸ್ತಿದ್ದೆ... ಅವತ್ತೇ ಒರೆಸಿದ್ದಿದ್ರೆ ಇವತ್ತು ಇಷ್ಟು ಜನದ ಮುಂದೆ ಸುಳ್ಳುಗಾತಿ ಆಗ್ತಿರ್ಲಿಲ್ಲ, ಅಲ್ವಾ ಅಣ್ಣ?"

ಆಪರೇಷನ್ ಆದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಓಂಕಾರಪ್ಪ ಟೆಕ್ನೀಷಿಯನ್ ಕಡೆ ತಿರುಗಿ, "ಬಳಿದೋನು ನಾನೇ ಸಾರ್" ಅಂದ.

ಬಿಲ್ಲಿಂಗ್ ಟೇಬಲ್ ಮೇಲಿದ್ದ ತನ್ನದೇ ಅಗಲದ ಮಾನಿಟರ್‌ನ ವೈರ್ ಕಿತ್ತು ಅಕ್ಕನ ಮುಂದೆ ತಂದಿಟ್ಟ. "ಇದನ್ನ ತಗೊಂಡು ಹೋಗಿ ಅಕ್ಕ. ಕೆಟ್ಟಿರೋದು ನನಗಿರ್ಲಿ."

ನಾನು ಅದನ್ನು ಎತ್ತಿಕೊಂಡು ಹೊರಟೆ. ಅಕ್ಕ ಬಾಗಿಲಲ್ಲಿ ನಿಂತು ಏನು ಕೇಳಿದರು ಗೊತ್ತೇ?

"ಪೂಜೆ ಮಾಡಲ್ವಾ ಅಣ್ಣ?"

ಅಷ್ಟು ದೊಡ್ಡ ಮನುಷ್ಯ... ಕುರ್ಚಿಯ ಮೇಲೆ ಕುಸಿದು ಮಗುವಿನ ಹಾಗೆ ಅತ್ತುಬಿಟ್ಟ. ಆಮೇಲೆ ಎದ್ದು ಬಂದು ಮಾನಿಟರ್ ಮೇಲೆ ಒಂದು ಹೂವು ಇಟ್ಟ. ಹೂವು ಮಾತ್ರ.

ಟೆಕ್ನೀಷಿಯನ್ ಕೂಡ ಕಣ್ಣು ಒರೆಸಿಕೊಂಡ. ನನಗೆ ಮಾತ್ರ ಇನ್ನೂ ಕೋಪ ಇಳಿದಿಲ್ಲ...

ಯಾಕೆ ಅಂತೀರಾ? ಜೈಬುನಕ್ಕನ ಮನೆಯಲ್ಲಿ ಕುಂಕುಮ ಇರಲಿಲ್ಲ, ಅದಕ್ಕೆ ಅವರ ಮಾತು ಗೆದ್ದಿತು. ಅದೇ ಜಾಗದಲ್ಲಿ, ದಿನಾ ಕುಂಕುಮ ಇಡುವ ನನ್ನ ಹೆಂಡತಿ ಒಬ್ಬಳೇ ನಿಂತಿದ್ದರೆ...?

"ಹಬ್ಬಕ್ಕೆ ನೀವೇ ಬಳಿದಿರ್ತೀರಾ, ಹೋಗಮ್ಮ" ಅಂತ ಕಳಿಸಿಬಿಡುತ್ತಿದ್ದರು. ಅವಳು ಸತ್ಯವನ್ನೇ ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ. ನಿಮ್ಮ ಮನೆಯವರನ್ನೂ ಅಷ್ಟೇ!

*ಬೆಲೆ ಡಬ್ಬದ ಮೇಲಿರುತ್ತದೆ, ವಾರಂಟಿ ಕಾರ್ಡಿನಲ್ಲಿರುತ್ತದೆ... ನಂಬಿಕೆ ಮಾತ್ರ ಮಾರಿದವನ ನಾಲಿಗೆಯ ಮೇಲಿರುತ್ತದೆ.*

"ಏನೇ ಆದ್ರೂ ನಾನಿದ್ದೀನಿ" ಅಂತ ನೀವೂ ಯಾರಿಗೋ ಹೇಳಿರುತ್ತೀರಿ... ಇವತ್ತು ಅವರು ಬಂದು ಬಾಗಿಲಲ್ಲಿ ನಿಂತರೆ, ನಿಜವಾಗಿಯೂ ಇರುತ್ತೀರಾ?