ಸಡಿಲವಾದ ಸಾಲು

"ಸರ್, ನನ್ನ ಕವನದಾಗ ಏನ್ ತಪ್ಪೈತಿ ಹೇಳ್ರಿ, ತಿದ್ಕೋತೇನಿ" ಎನ್ನುತ್ತ ಹೊರ್ತಿಯ ಕೌಸರ ಹಾಳೆಯನ್ನು ಸಿದ್ದಲಿಂಗ ಮಾಸ್ತರರ ಮುಂದೆ ಹಿಡಿದಳು.

ತಪ್ಪೇನೂ ಇರಲಿಲ್ಲ. ಹೆರಿಗೆಗೆ ಹೋಗುವಾಗ ಬಸ್ಸಿನಲ್ಲೇ ತೀರಿಕೊಂಡ ಅಕ್ಕನ ಮೇಲೆ ಅವಳು ಬರೆದ ಕವನಕ್ಕೆ, ರಾಜ್ಯೋತ್ಸವದ ಕವಿಗೋಷ್ಠಿಗೆ ಕವನ ಆರಿಸುವಾಗ, ಮಾಸ್ತರರೇ ಮೊದಲ ಸ್ಥಾನ ಕೊಟ್ಟಿದ್ದರು. "ರಾಜ್ಯೋತ್ಸವಕ್ಕ ಸಾವಿರಾರು ಮಂದಿ ಕೂಡ್ತಾರ, ಮಂತ್ರಿಗಳು ಬರ್ತಾರ. ಅಳಿಸೋ ಕವನ ಬ್ಯಾಡ್ರಿ, ನಾಡಿನ ಗುಣಗಾನ ಇರ್ಲಿ" ಎಂದು ಉತ್ಸವ ಸಮಿತಿಯ ಅಧ್ಯಕ್ಷರು ಗದರಿದಾಗ ಮಾಸ್ತರರು ತಾವೇ ಅವಳ ಹೆಸರು ಪಟ್ಟಿಯಿಂದ ತೆಗೆದಿದ್ದರು.

ಇದನ್ನು ಹೇಳಲು ಅವರಿಗೆ ಬಾಯಿ ಬರಲಿಲ್ಲ. "ಕಡೀ ಸಾಲು ಸಡಿಲ ಆಗೇತಿ ನೋಡವಾ" ಎಂದುಬಿಟ್ಟರು. ಮೊದಲ ಸಲ ಓದಿದಾಗ ಅವರ ಕಣ್ಣು ತುಂಬಿಸಿದ್ದು ಆ ಸಾಲೇ.

"ಹೌದ್ರಿ ಸರ್, ನನಗೂ ಹಂಗ ಅನಿಸಿತ್ತು" ಎಂದ ಕೌಸರ, ಅಲ್ಲೇ ಪೆನ್ನು ತೆಗೆದು, ಒಂದಕ್ಷರವೂ ಕಾಣದಂತೆ ಆ ಸಾಲನ್ನು ಗೀಚಿಹಾಕಿದಳು.