ಹುಬ್ಬಿನ ಪರೀಕ್ಷೆ

"ಅಲ್ಲಾಡಬೇಡಿ ಅಂದ್ರೆ! ಒಂದು ಮೇಲೆ, ಒಂದು ಕೆಳಗೆ ಆದ್ರೆ ಆಮೇಲೆ ನನ್ನನ್ನ ಅನ್ನಬೇಡಿ."

ಬಂದೂಕು ಮಾಡುವ ಮೇಸ್ತ್ರಿ ಮುಖವನ್ನು ಹೆಂಡತಿಯ ಕೈಗೊಪ್ಪಿಸಿ ಕಣ್ಣು ಮುಚ್ಚಿ ಕೂತಿದ್ದ. ದೀಪದ ಮಸಿಗೆ ಎಣ್ಣೆ ಕಲೆಸಿ ಅವಳು ಅವನಿಗೆ ಹುಬ್ಬು ಬರೆಯುತ್ತಿದ್ದಳು. ಸ್ವಂತದ್ದು ಎಂದೋ ಸುಟ್ಟುಹೋಗಿತ್ತು. ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು ಬಿಟ್ಟು, ಹಿಂಭಾಗದ ಮುಚ್ಚಳ ತೆರೆದು ಮದ್ದುಗುಂಡಿನ ಪೊಟ್ಟಣ ಇಡುವಂಥ ಹೊಸದನ್ನು ಮಾಡುತ್ತೇನೆಂದು ಹೊರಟವನ ಹಣೆಬರಹ ಅದು. ಹಾರಿಸಿದಾಗಲೆಲ್ಲ ಮುಚ್ಚಳದ ಸಂದಿನಿಂದ ಬೆಂಕಿ ಬುಸ್ಸೆಂದು ಹಿಂದಕ್ಕೆ ನುಗ್ಗಿ ಮುಖಕ್ಕೇ ಹೊಡೆಯುತ್ತಿತ್ತು. ಬೀದಿಯವರು ಅವನಿಗೆ ಬೋಳುಹುಬ್ಬು ಎಂದೇ ಹೆಸರಿಟ್ಟಿದ್ದರು.

ಕೊನೆಗೆ ಆ ಸಂದಿಗೆ ಅವನೊಂದು ತಾಮ್ರದ ಉಂಗುರ ಕೂರಿಸಿದ. ಮದ್ದು ಸಿಡಿದ ಒತ್ತಡಕ್ಕೆ ಉಂಗುರ ತಾನೇ ಹಿಗ್ಗಿ ಸಂದನ್ನು ಮುಚ್ಚಬೇಕು. ಅದನ್ನಿನ್ನೂ ಹಾರಿಸಿ ನೋಡಿರಲಿಲ್ಲ, ಒಂದು ಸಂಜೆ ಅವನು ಪೇಟೆಯಿಂದ ಬರುತ್ತಲೇ ಹೆಂಡತಿ, "ಉಂಗುರ ದಪ್ಪ ಆಯ್ತು ಕಣ್ರೀ, ಹಿಗ್ಗಲ್ಲ. ತೆಳ್ಳಗೆ ಮಾಡಿ" ಎಂದಳು. "ನಿನಗೇನೇ ಗೊತ್ತು, ಸುಮ್ನಿರು" ಎಂದು ನಕ್ಕವನು, ಯಾಕೋ ಮನಸ್ಸಾಗಿ ಅರ ಹಿಡಿದು ಉಜ್ಜಿದ. ತೆಳ್ಳಗಾದದ್ದೇ ತಡ, ಎಷ್ಟು ಹಾರಿಸಿದರೂ ಮುಖಕ್ಕೆ ಬಿಸಿ ಗಾಳಿಯೂ ತಾಗಲಿಲ್ಲ. ಬುದ್ಧಿಯೆಲ್ಲ ತನ್ನದೇ ಎಂದು ಮೇಸ್ತ್ರಿ ಬೀಗಿದ್ದೂ ಆಯಿತು.

ಬಂದೂಕೇನೋ ಗೆದ್ದಿತು, ಹುಬ್ಬು ಚಿಗುರಬೇಕಲ್ಲ! ಸೈನ್ಯದಿಂದ ತಪಾಸಣೆಗೆ ಬರುವ ಸಾಹೇಬರು ನಕ್ಷೆ ಗಿಕ್ಷೆ ನೋಡುವವರಲ್ಲ. ಮಾಡಿದವನ ಕೈಯಲ್ಲೇ ಹಾರಿಸಿ, ಆಮೇಲೆ ಅವನ ಮುಖ ನೋಡುವವರು. ಹುಬ್ಬಿಲ್ಲದ ಮುಖ ಕಂಡರೆ ಬಂದೂಕು ಮೂಲೆಗೆ, ಮೇಸ್ತ್ರಿ ಜೀವನವಿಡೀ ಬೀಗ ರಿಪೇರಿಗೆ.

"ಸಾಕು ಬಿಡೇ, ಹೊತ್ತಾಯ್ತು" ಎಂದು ಅವನು ಎದ್ದೇಬಿಟ್ಟ.

"ಇನ್ನೂ ಮೇಣ ಹಚ್ಚಿಲ್ಲ ಕಣ್ರೀ, ಮಸಿ ನಿಲ್ಲಲ್ಲ..." ಎಂದದ್ದು ಅವನ ಕಿವಿಗೆ ಬೀಳಲೇ ಇಲ್ಲ. ಅವಳು ಪೊಟ್ಟಣಗಳ ಚೀಲ ಹಿಡಿದು ಹಿಂದೆಯೇ ಓಡಿದಳು.

ಮೈದಾನದಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಸಾಹೇಬರ ಹುಬ್ಬುಗಳೋ, ಹಣೆಗೆ ಎರಡು ಮೀಸೆ ಅಂಟಿಸಿದ ಹಾಗಿದ್ದವು. ಮೇಸ್ತ್ರಿ ಹಾರಿಸಿದ, ಮುಚ್ಚಳ ತೆರೆದ, ತುಂಬಿದ, ಮತ್ತೆ ಹಾರಿಸಿದ. ಒಂದೇ ಒಂದು ಕಿಡಿ ಹಿಂದಕ್ಕೆ ಬಂದಿದ್ದರೆ ಕೇಳಿ! ಗೆದ್ದೆನೆಂದು ಹಲ್ಲು ಕಿರಿಯುತ್ತಾ ತಿರುಗಿದ. ಅಷ್ಟರಲ್ಲಿ ಬೆವರು ತನ್ನ ಕೆಲಸ ಮಾಡಿ ಮುಗಿಸಿತ್ತು. ಎಡಗಡೆಯ ಹುಬ್ಬು ಕರಗಿ ಕೆನ್ನೆಯ ಮೇಲೆ ಕಪ್ಪಗೆ ಇಳಿಯುತ್ತಿತ್ತು.

"ಮಸಿ!" ಎಂದರು ಸಾಹೇಬರು. "ಹುಬ್ಬೂ ಹೋಯ್ತು. ಸೋರುತ್ತಲ್ಲಯ್ಯಾ ನಿನ್ನ ಬಂದೂಕು!"

ಮೇಸ್ತ್ರಿ ನಿಜ ಹೇಳಿದರೆ ಮೋಸಗಾರ, ಹೇಳದಿದ್ದರೆ ಬೀಗ ರಿಪೇರಿ. ಅವನು ಪಿಳಿಪಿಳಿ ಕಣ್ಣು ಬಿಡುತ್ತಿರುವಾಗ ಹೆಂಡತಿ ಮುಂದೆ ಬಂದಳು.

"ಅದು ಬಂದೂಕಿನ ಮಸಿಯಲ್ಲ ಸಾಹೇಬ್ರೇ, ನಮ್ಮನೆ ದೀಪದ್ದು. ಹುಬ್ಬು ಹೋಗಿದ್ದು ಹಳೇ ಕಥೆ. ನಂಬಿಕೆ ಇಲ್ಲದಿದ್ರೆ ತಾವೇ ಒಂದ್ಸಲ ಹಾರಿಸಿ ನೋಡಿ."

ಸಾಹೇಬರ ಕೈ ತಾನಾಗಿಯೇ ತಮ್ಮ ಹುಬ್ಬಿಗೆ ಹೋಯಿತು. "ನಾನಾ? ಛೆ ಛೆ, ಅದು... ನಿಯಮದಲ್ಲಿ ಇಲ್ಲಮ್ಮ."

"ಹಾಗಾದ್ರೆ ಕೊಡಿ ಇಲ್ಲಿ!"

"ಅಯ್ಯೋ, ಬೇಡ ಕಣೇ!" ಎಂದು ಗಂಡ ಕೂಗುವಷ್ಟರಲ್ಲಿ ಅವಳು ಪೊಟ್ಟಣ ಇಟ್ಟು, ಮುಚ್ಚಳ ಬಿಗಿದು, ಕೆನ್ನೆಗೊತ್ತಿ ಹಾರಿಸಿಯೇಬಿಟ್ಟಳು. ಹೊಗೆಯೆಲ್ಲ ಮುಂದಕ್ಕೆ ಹೋಯಿತು. ಅವಳು ಸಾಹೇಬರ ಕಡೆ ತಿರುಗಿ, ಎರಡೂ ಹುಬ್ಬನ್ನು ನಿಧಾನವಾಗಿ ಮೇಲೇರಿಸಿದಳು.

"ಕೂದಲೂ ಕೊಂಕಿಲ್ಲ!" ಎಂದು ಸಾಹೇಬರು ಬೆರಗಾದರು. ಅಲ್ಲೇ ನಳಿಗೆಯ ಮೇಲೆ ಒಪ್ಪಿಗೆಯ ಮುದ್ರೆ ಬಿತ್ತು.

ಮನೆಗೆ ಬಂದ ಮೇಲೂ ಮೇಸ್ತ್ರಿಯ ಬಾಯಿಗೆ ಬಿಡುವಿಲ್ಲ. ಉಂಗುರ ಹಾಗೆ ಹಿಗ್ಗಿತು, ಮುಚ್ಚಳ ಹೀಗೆ ಕೂತಿತು, ಸಾಹೇಬರ ಮುಖ ಹೇಗಾಯಿತು! ಹೆಂಡತಿ ಹೂಂಗುಡುತ್ತಾ ಒದ್ದೆ ಬಟ್ಟೆಯಿಂದ ಮುಖ ಒರೆಸಿಕೊಂಡಳು. ಬಟ್ಟೆ ಕಪ್ಪಾಯಿತು. ಅವಳು ತಿರುಗಿದರೆ ಕಣ್ಣಿನ ಮೇಲೆ ಏನೂ ಇಲ್ಲ, ಬರೀ ಬೋಳು.

ಮೇಸ್ತ್ರಿಯ ಮಾತು ಅಲ್ಲಿಗೇ ನಿಂತಿತು. "ಇದೇನೇ ಇದು... ಯಾವಾಗ?"

"ನೀವು ಪೇಟೆಗೆ ಹೋಗಿದ್ರಲ್ಲ, ಆವತ್ತು. ದಪ್ಪ ಉಂಗುರಾನ ನಾನೇ ಹಾರಿಸಿ ನೋಡಿದೆ. ನಿಮಗೆ ಹುಬ್ಬಂತೂ ಹೋಗಿತ್ತು, ಇನ್ನು ಹೋಗೋಕೆ ಉಳಿದಿದ್ದು ಕಣ್ಣೇ ತಾನೇ?"

"ಆವತ್ತಿಂದ ದಿನಾ ಬರ್ಕೋತಿದ್ದೀಯಾ? ನನಗೆ ಗೊತ್ತಾಗದ ಹಾಗೆ?"

"ಮುಚ್ಚಿಟ್ಟಿದ್ದೆಲ್ಲಿ? ದಿನಾ ನಿಮ್ಮೆದುರಿಗೇ ಒರೆಸ್ಕೋತೀನಿ. ನೀವು ಉಂಗುರ ನೋಡ್ತಿರ್ತೀರಿ."

ಕೂದಲೆಳೆಯಷ್ಟು ಸಂದನ್ನೂ ಬರಿಗಣ್ಣಲ್ಲಿ ಹಿಡಿಯುವ ಮೇಸ್ತ್ರಿ ಎದ್ದು ಬಂದ. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹೊಸ ನಳಿಗೆಯನ್ನು ಹಿಡಿಯುವ ಹಾಗೆ ಬೆಳಕಿಗೆ ತಿರುಗಿಸಿ, ನೋಡುತ್ತಲೇ ನಿಂತ.

"ಅಯ್ಯೋ, ಈಗ ನೀವೇ ಸೋರ್ತಿದ್ದೀರಲ್ರೀ" ಎಂದು ನಗುತ್ತಾ ಅವಳು ಅದೇ ಕಪ್ಪು ಬಟ್ಟೆಯಿಂದ ಅವನ ಕಣ್ಣೊರೆಸಿದಳು.