ಕಾಯಿ ಬಿರಿಯುವ ತನಕ

ತೀರಿಹೋದ ಎಲ್ಲ ಅವ್ವಂದಿರ ಹಾಗೆ, ರೇಣವ್ವನ ಅವ್ವನೂ ಮಳೆಗಾಲದಲ್ಲಿ ಕಪ್ಪತಗುಡ್ಡದ ಮೇಲೆ ಅಗ್ನಿಶಿಖೆಯ ಬಳ್ಳಿಯಾಗಿ ಚಿಗುರಿದ್ದಳು. ಶ್ರಾವಣದಲ್ಲಿ ಹೂ ಬಿಟ್ಟ ಕೂಡಲೇ ರೇಣವ್ವ ಗುರುತು ಹಿಡಿದು, ಗಡ್ಡೆಸಹಿತ ಅಗೆದು ತಂದು ಅಂಗಳದಲ್ಲಿ ನೆಟ್ಟಳು. ದೀಪಾವಳಿಗೆ ಕಾಯಿ ಬಲಿಯಿತು. ಅವಳು ಎಷ್ಟು ಕರೆದರೂ ಅದು ಬಿರಿಯಲಿಲ್ಲ.

ಚಿಗವ್ವ ಫಕೀರವ್ವ ಅವಳನ್ನು ಮತ್ತೆ ಗುಡ್ಡಕ್ಕೆ ಕರೆತಂದಳು. "ಕಾಯಿ ಆಗೂತನಾ ತಡೀಬೇಕಿತ್ತಿಲ್ಲೋ, ಹುಚ್ಚಿ?"

"ಎಲಿ ತುದಿ ನನ್ನ ಬೆರಳ ಸುತ್ತಿ ಹಿಡಕೊಂಡಿತ್ತು, ಚಿಗವ್ವಾ. ಹೂವೂ ನನ್ನ ನೋಡಿ ಕೆಂಪಾತು."

"ಎಲಿ ಎಲ್ಲಾರನೂ ಹಿಡಕೊಂತೈತಿ. ಹೂವೂ ಹಂಗ. ಪಾಪ, ಯಾರ ಮನಿಯಾದ್ರೂ ಸೈ, ಅವ್ರಿಗೆ ಮನಿಗೆ ಹೋಗಬೇಕು. ಕಾಯಿ ಮಾತ್ರ ಹೊಟ್ಟ್ಯಾಗ ಹುಟ್ಟಿದವ್ರ ದನಿಗೇ ಬಿರೀತೈತಿ."

ರೇಣವ್ವ "ಅವ್ವಾ" ಎಂದು ಕೂಗುತ್ತ ಏರಿದಳು. ಎರಡೂ ಬದಿಯ ಎಲೆಗಳು ಸೀರೆಯನ್ನು ಹಿಡಿದವು, ಬಿಡಿಸಿಕೊಳ್ಳುತ್ತ ನಡೆದಳು. ಕಾರೆಮುಳ್ಳಿನ ಪೊದೆಯ ಬುಡದಲ್ಲಿ ಟಪ್ಪೆಂದು ಒಂದು ಕಾಯಿ ಬಿರಿಯಿತು. ಒಳಗೆ ಕೆಂಪು ಬೀಜಗಳು.

"ಅಕ್ಕಾ..." ಫಕೀರವ್ವ ಸೆರಗು ಹೊದ್ದು ಕೈಮುಗಿದಳು.

ರೇಣವ್ವ ಮಂಡಿಯೂರಿ ಬೆರಳು ಚಾಚಿದಳು. ಎಲೆಯ ತುದಿ ನಿಧಾನವಾಗಿ ಹಿಂದೆ ಸರಿದು, ಪಕ್ಕದ ಮುಳ್ಳನ್ನು ಬಿಗಿಯಾಗಿ ಸುತ್ತಿಕೊಂಡಿತು.